ಬಳೆ, ಮಳೆ ಮತ್ತು ಟೀಚರ್ ಗಂಟಲು

ಕಿವುಡ ಮಕ್ಕಳ ಶಾಲೆ ಗಲಾಟೆಯ ಜಾಗ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಸದ್ದೇ ಇರುವುದಿಲ್ಲ ಅಂತ ಅವರ ಲೆಕ್ಕ. ಒಂದು ದಿನ ಬಂದು ಕೂತು ನೋಡಿ. ಕಬ್ಬಿಣದ ಕುರ್ಚಿಯನ್ನು ಸಿಮೆಂಟ್ ನೆಲದ ಮೇಲೆ ದರದರ ಎಳೆಯುವ ಮಗುವಿಗೆ ಆ ಸದ್ದು ಕೇಳುವುದಿಲ್ಲ. ಹಾಗಾಗಿ ಎತ್ತಿ ಇಡಬೇಕು ಅಂತ ಅನ್ನಿಸುವುದೂ ಇಲ್ಲ. ಡೆಸ್ಕಿನ ಮುಚ್ಚಳ ಧಡ್ ಅಂತ ಬೀಳುತ್ತದೆ. ಗೆಳೆಯನನ್ನು ಕರೆಯಲು ಬೆಂಚು ಬಡಿಯುತ್ತಾರೆ, ಯಾಕಂದರೆ ಆ ನಡುಕ ಅವನ ಮೊಣಕೈಗೆ ಮುಟ್ಟುತ್ತದೆ. ನಗು ಬಂದರೆ ಎದೆ ತುಂಬಿ ನಗುತ್ತಾರೆ. ನಮ್ಮ ಕಡೆ ಜೂನ್ ಬಂತೆಂದರೆ ಇದೆಲ್ಲದರ ಮೇಲೆ ಶೀಟಿನ ಮಾಡಿಗೆ ಮಳೆ ಬೇರೆ.

ಈ ಸದ್ದಿನ ನಡುವೆ ನಿಂತು ಮಾತು ಕಲಿಸುವ ಕೆಲಸ ನಮ್ಮದು. ಪಾಠ ಹೇಳುವುದು ಒಂದು, ಮಾತನ್ನೇ ಹೇಳಿಕೊಡುವುದು ಇನ್ನೊಂದು. ಎರಡಕ್ಕೂ ಇರುವುದು ಒಂದೇ ಗಂಟಲು. ಸುತ್ತ ಸದ್ದು ಜಾಸ್ತಿಯಾದಂತೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ. 1911ರಲ್ಲಿ ಫ್ರಾನ್ಸಿನ ಇಎನ್‌ಟಿ ವೈದ್ಯ ಎಟಿಯೆನ್ ಲೊಂಬಾರ್ ಇದನ್ನು ಬರೆದು ಪ್ರಕಟಿಸಿದರು. ಈಗಲೂ ಇದಕ್ಕೆ ಅವರದೇ ಹೆಸರು. ಮದುವೆ ಮನೆಯ ಊಟದ ಹಾಲಿನಲ್ಲಿ ಎಲ್ಲರೂ ಕೂಗಿ ಮಾತಾಡುತ್ತಿರುತ್ತಾರೆ, ಆದರೆ ಕೂಗುತ್ತಿದ್ದೇವೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಅದೇ ಇದು. ಬೇರೆ ಶಾಲೆಯಲ್ಲಿ ‘ಸೈಲೆನ್ಸ್’ ಅಂದರೆ ಒಂದು ಕ್ಷಣಕ್ಕಾದರೂ ಸದ್ದು ನಿಲ್ಲುತ್ತದೆ. ನಮ್ಮಲ್ಲಿ ಆ ದಾರಿ ಇಲ್ಲ.

ನನ್ನ ದನಿ ಕೆಟ್ಟದ್ದು ಒಂದೇ ದಿನದಲ್ಲಲ್ಲ. ಮೊದಮೊದಲು ಸಂಜೆ ಹೊತ್ತಿಗೆ ಒಡೆಯುತ್ತಿತ್ತು, ಬೆಳಿಗ್ಗೆ ಸರಿಹೋಗುತ್ತಿತ್ತು. ಆಮೇಲೆ ಸೋಮವಾರ ಚೆನ್ನಾಗಿದ್ದದ್ದು ಗುರುವಾರಕ್ಕೆ ಒಡೆಯತೊಡಗಿತು. ಕೊನೆಗೆ ದಸರಾ ರಜೆ ಮುಗಿದರೂ ತಿರುಗಿ ಬರಲಿಲ್ಲ. ಮನೆಯಲ್ಲಿ ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ, ಉಪ್ಪುನೀರು ಎಲ್ಲಾ ಆಯಿತು. ಇವುಗಳಿಂದ ಗಂಟಲಿಗೆ ಹಿತ ಅನ್ನಿಸುವುದು ನಿಜ. ಆದರೆ ನಾವು ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅವು ಇರುವುದು ಶ್ವಾಸನಾಳದ ಬಾಯಿಯಲ್ಲಿ, ನುಂಗುವಾಗ ಆ ಬಾಯಿ ಮುಚ್ಚಿಕೊಳ್ಳುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿದು ಮೈಗೇ ನೀರು ಸಾಕಾಗಬೇಕು, ಆಗ ತಂತುಗಳೂ ತೇವವಾಗಿರುತ್ತವೆ. ಆದರೆ ನಮ್ಮಲ್ಲಿ ಎಷ್ಟೋ ಜನ ಟೀಚರ್‌ಗಳು ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ. ಕ್ಲಾಸು ಬಿಟ್ಟು ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ ಅನ್ನುವುದೇ ಕಾರಣ. ಈ ವಿಷಯ ಯಾವ ಮೀಟಿಂಗಿನಲ್ಲೂ ಬರುವುದಿಲ್ಲ.

ಇಎನ್‌ಟಿ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಬಿಳಿ ಬಣ್ಣದ ಎರಡು ಪಟ್ಟಿ, ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಪುಟ್ಟ ಗಂಟು. ಹಾರೆ ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುತ್ತದಲ್ಲ, ಹಾಗೆ. ಹೆಂಗಸರು ಮಾತಾಡುವಾಗ ಈ ಪಟ್ಟಿಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ, ಗಂಡಸರದ್ದು ಸುಮಾರು 120. ನಡುವಿನ ನಿಲುಗಡೆಗಳನ್ನೆಲ್ಲ ಕಳೆದು ದಿನಕ್ಕೆ ಒಂದೇ ಒಂದು ಗಂಟೆ ದನಿ ಹೊರಟಿತು ಅಂತಿಟ್ಟುಕೊಂಡರೂ 7 ಲಕ್ಷ ದಾಟಿತು. ಜೋರಾಗಿ ಹೇಳಿದಷ್ಟೂ ಬಡಿತದ ಪೆಟ್ಟು ಜಾಸ್ತಿ. ವಿಶೇಷ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು ಅನ್ನುವುದನ್ನೂ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಡಾಕ್ಟರ ಚೀಟಿಯಲ್ಲಿ ‘ಮಾತು ಕಡಿಮೆ ಮಾಡಿ’ ಅಂತಿತ್ತು. ಶಾಲೆಯಲ್ಲಿ ತೋರಿಸಿದೆ. ‘ನಿಮ್ಮ ಕೆಲಸವೇ ಮಾತಲ್ವಾ ಮೇಡಂ’ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ಕಟ್ಟಡಕ್ಕೆ ಖರ್ಚಿದೆ, ಮಿಷನ್ನಿಗೆ ಖರ್ಚಿದೆ, ಟೀಚರ್ ದನಿಗೆ ಮಾತ್ರ ಖರ್ಚಿಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಹಿಯರಿಂಗ್ ಏಡ್‌ಗೆ ಸೆಲ್ ಬಂದಿಲ್ಲವೇ, ಜೋರಾಗಿ ಹೇಳಿ. ಗೋಡೆ ಸದ್ದು ವಾಪಸ್ ಎಸೆಯುತ್ತದೆಯೇ, ಇನ್ನೂ ಜೋರಾಗಿ ಹೇಳಿ. ಎರಡು ಕ್ಲಾಸಿಗೆ ಒಬ್ಬರೇ ಟೀಚರೇ, ಆ ಕಡೆಯವರಿಗೂ ಕೇಳುವ ಹಾಗೆ ಹೇಳಿ. ಶಾಲೆಯಲ್ಲಿ ಏನೇ ಕೊರತೆ ಇರಲಿ, ಕೊನೆಗೆ ಅದನ್ನು ತುಂಬುವುದು ನಮ್ಮ ಗಂಟಲು.

ಮಾಮೂಲಿ ಶಾಲೆಯ ಟೀಚರ್‌ಗಳಿಗೂ ಈ ಕಷ್ಟ ಇದೆ. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನೆಲ್ಸನ್ ರಾಯ್ ಮತ್ತು ಜೊತೆಗಾರರು ಮಾಡಿದ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಅನುಭವಿಸಿದವರು ಶಿಕ್ಷಕರಲ್ಲಿ ಶೇ 57.7, ಬೇರೆ ಕೆಲಸದವರಲ್ಲಿ ಶೇ 28.8. ಹೆಚ್ಚು ಕಡಿಮೆ ದುಪ್ಪಟ್ಟು. ಅದು ಕಿವಿ ಕೇಳುವ ಮಕ್ಕಳಿಗೆ ಪಾಠ ಮಾಡುವವರ ಕಥೆ. ನಮ್ಮ ಕ್ಲಾಸಿನಲ್ಲಿ ದನಿಗೆ ಇನ್ನೂ ಒಂದು ಕೆಲಸ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಳೆ, ಮಳೆ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಎರಡನ್ನೂ ಹೇಳಿ ನೋಡಿ. ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕಾಳಿ, ಗಾಳಿ ಇನ್ನೂ ಕಷ್ಟ. ಕ ಮತ್ತು ಗ ಹುಟ್ಟುವುದು ಬಾಯಿಯ ಹಿಂದೆ, ಹೊರಗೆ ಏನೂ ಕಾಣುವುದಿಲ್ಲ. ಹಾಗಾದರೆ ಮಗುವಿಗೆ ವ್ಯತ್ಯಾಸ ತಿಳಿಸುವುದು ಹೇಗೆ? ಮುಟ್ಟಿಸಿ. ಬಾಯಿ ಮುಂದೆ ತೆಳ್ಳನೆ ಕಾಗದದ ಚೂರು ಹಿಡಿದು ಪ ಅಂದರೆ ಅದು ಅಲುಗುತ್ತದೆ. ನಮ್ಮ ಕನ್ನಡದ ಪ ಕಾರಕ್ಕೆ ಉಸಿರು ಕಮ್ಮಿ, ಹಾಗಾಗಿ ಸ್ವಲ್ಪ ಒತ್ತಿಯೇ ಹೇಳಬೇಕು. ಬ ಅಂದಾಗ ಕಾಗದ ಅಷ್ಟು ಅಲುಗುವುದಿಲ್ಲ, ಗಂಟಲು ನಡುಗುತ್ತದೆ. ಮ ಅಂದಾಗ ಮೂಗಿನ ಪಕ್ಕ ಬೆರಳಿಟ್ಟರೆ ನಡುಕ ಅಲ್ಲಿ ಸಿಗುತ್ತದೆ.

ಹುಡುಗಿಯ ಒಂದು ಕೈ ನನ್ನ ಗಂಟಲ ಮೇಲೆ, ಇನ್ನೊಂದು ಕೈ ಅವಳದೇ ಗಂಟಲ ಮೇಲೆ. ನಾನು ‘ಗಾ’ ಅನ್ನುತ್ತೇನೆ. ಅವಳು ಕಣ್ಣು ಕಿರಿದು ಮಾಡಿ ನನ್ನ ನಡುಕವನ್ನು ಹಿಡಿಯುತ್ತಾಳೆ, ಆಮೇಲೆ ತನ್ನಲ್ಲಿ ಹುಡುಕುತ್ತಾಳೆ. ಮೊದಲ ಸಲ ಬರುವುದು ‘ಕಾ’. ಮತ್ತೆ ‘ಗಾ’. ಮತ್ತೆ. ಮತ್ತೆ. ಆ ನಡುಕ ಅವಳ ಗಂಟಲಲ್ಲಿ ಎದ್ದ ಕ್ಷಣ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಅದಕ್ಕಾಗಿಯೇ ಈ ಕೆಲಸಕ್ಕೆ ಬಂದವಳು ನಾನು, ಅದರ ಖುಷಿಯನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಒಂದೇ ಅಕ್ಷರವನ್ನು ಎಷ್ಟು ಸಲ ಹೇಳಿರುತ್ತೇವೆ, ಯೋಚಿಸಿ. ಮಾಮೂಲಿ ಮಾತಿನಲ್ಲಿ ಶಬ್ದಗಳು ಒಂದಕ್ಕೊಂದು ಹರಿದು ಸೇರುತ್ತವೆ, ತಂತುಗಳಿಗೆ ಅಷ್ಟು ಕಷ್ಟವಿಲ್ಲ. ಬಿಡಿ ಬಿಡಿಯಾಗಿ ‘ಆ’, ‘ಈ’, ‘ಗಾ’ ಅಂತ ಒತ್ತಿ ಹೇಳುವಾಗ ಪ್ರತಿ ಸಲವೂ ತಂತುಗಳು ಗಟ್ಟಿಯಾಗಿ ಮುಚ್ಚಿ ಸಿಡಿದು ತೆರೆಯಬೇಕು. ಕ್ಲಾಸಿನ ಒಂದು ಮಗುವಿಗೆ ಆದ ಮೇಲೆ ಇನ್ನೊಂದು, ಅದರ ನಂತರ ಮತ್ತೊಂದು.

ಇನ್ನೊಂದು ವಿಷಯವಿದೆ, ಅದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ತೀವ್ರ ಕಿವುಡುತನ ಇರುವ ಎಷ್ಟೋ ಮಕ್ಕಳಲ್ಲಿ ಉಳಿದ ಚೂರುಪಾರು ಶ್ರವಣ ಇರುವುದು ತಗ್ಗಿನ ಸ್ವರಗಳಲ್ಲಿ. ಇದು ಗೊತ್ತಾದ ಮೇಲೆ ಟೀಚರ್ ದನಿ ತನಗರಿವಿಲ್ಲದೆ ತಗ್ಗಿಗೆ ಇಳಿಯುತ್ತದೆ. ಸಹಜವಾಗಿ ತೆಳು ದನಿಯ ಹೆಂಗಸು ದಪ್ಪ ದನಿ ಮಾಡಿಕೊಂಡು, ಅದನ್ನೇ ಜೋರಾಗಿಯೂ ಹೇಳುತ್ತಾಳೆ. ತಗ್ಗಿಸಿ ಜೋರಾಗಿ ಹೇಳುವುದು ಗಂಟಲಿಗೆ ಬಹಳ ಭಾರ. ಮನೆಗೆ ಬಂದ ಮೇಲೂ ಅದೇ ದನಿ ಉಳಿದುಬಿಡುತ್ತದೆ. ಫೋನಿನಲ್ಲಿ ನನ್ನನ್ನು ‘ಸರ್’ ಅಂದವರಿದ್ದಾರೆ.

ದನಿ ಒಡೆದ ದಿನ ಈ ಮುಟ್ಟಿಸುವ ಪಾಠ ನಡೆಯುವುದೇ ಇಲ್ಲ. ಪಿಸುಮಾತಿನಲ್ಲಿ ತಂತುಗಳು ನಡುಗುವುದಿಲ್ಲ. ನಾನು ಗಾಳಿ ಅಂದರೂ ಮಗುವಿನ ಕೈಗೆ ಸಿಗುವುದು ಕಾಳಿಯೇ. ಒಬ್ಬಳು ಹುಡುಗಿ ಒಮ್ಮೆ ನನ್ನ ಗಂಟಲ ಮೇಲೆ ಕೈಯಿಟ್ಟು, ತೆಗೆದು, ಮತ್ತೆ ಇಟ್ಟು, ಮುಖ ನೋಡಿ ‘ಕೆಟ್ಟಿದೆ’ ಅಂತ ಸನ್ನೆ ಮಾಡಿದಳು. ಆಗಿನ್ನೂ ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ದನಿಯಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಮೊದಲು ಹಿಡಿದವಳು ಕಿವಿ ಕೇಳದ ಆ ಹುಡುಗಿ.

ಇನ್ನು ಹಿಯರಿಂಗ್ ಏಡ್. ಅದನ್ನು ಹಾಕಿದ ಮೇಲೆ ಮಗುವಿಗೆ ಎಲ್ಲಾ ಕೇಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ, ಪಾಲಕರೂ ಸೇರಿ. ಅದು ದನಿಯನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಕುರ್ಚಿ ಎಳೆದದ್ದನ್ನೂ, ಫ್ಯಾನನ್ನೂ, ಮಳೆಯನ್ನೂ ದೊಡ್ಡದು ಮಾಡುತ್ತದೆ. ಅದು ಚೆನ್ನಾಗಿ ಹಿಡಿಯುವುದು ಒಂದೆರಡು ಮೀಟರ್ ಒಳಗಿನ ಮಾತನ್ನು. ದೂರ ದುಪ್ಪಟ್ಟಾದ ಹಾಗೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಅಂದರೆ ನಾನು ಬೋರ್ಡಿನ ಹತ್ತಿರ ನಿಂತಾಗ ಹಿಂದಿನ ಸಾಲಿನ ಮಗುವಿಗೆ ನನ್ನ ಮಾತಿಗಿಂತ ಪಕ್ಕದ ಬೆಂಚಿನ ಸದ್ದೇ ಜೋರು. ಶ್ರವಣದೋಷ ಇರುವ ಮಗುವಿಗೆ ಟೀಚರ್ ದನಿ ಸುತ್ತಲಿನ ಸದ್ದಿಗಿಂತ 15ರಿಂದ 20 ಡೆಸಿಬಲ್ ಮೇಲಿರಬೇಕು ಅನ್ನುತ್ತಾರೆ ತಜ್ಞರು. ಸದ್ದು ಇಳಿಸದೆ ಇದನ್ನು ಸಾಧಿಸಲು ಉಳಿಯುವುದು ಒಂದೇ ದಾರಿ, ಕೂಗುವುದು.

ಕೂಗಿದರೆ ಪ್ರಯೋಜನ ಆಗುತ್ತದೆಯೇ ಅಂದರೆ, ಅದೂ ಇಲ್ಲ. ಇದು ನನಗೆ ಅರ್ಥವಾದಾಗ ನಿಜವಾಗಿ ಹೊಟ್ಟೆ ಉರಿಯಿತು. ಕೂಗಿದಾಗ ಏರುವುದು ಸ್ವರಗಳು. ಆ, ಈ, ಊ ದೊಡ್ಡದಾಗುತ್ತವೆ. ಸ, ಶ, ತ, ಕ ದಂಥ ವ್ಯಂಜನಗಳು ಅಷ್ಟು ಏರುವುದಿಲ್ಲ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಹೆಚ್ಚಾಗಿ ಆ ವ್ಯಂಜನಗಳೇ. ಇದಲ್ಲದೆ, ಮಗುವಿನ ಕಿವಿಗೆ ಪೆಟ್ಟಾಗದಿರಲಿ ಅಂತ ಹಿಯರಿಂಗ್ ಏಡ್ ಒಂದು ಮಿತಿಗಿಂತ ಜೋರಾದ ಸದ್ದನ್ನು ತಾನೇ ಅದುಮಿಬಿಡುತ್ತದೆ. ಕೂಗುವಾಗ ಬಾಯಿ ವಿಪರೀತ ಅಗಲವಾಗಿ ತುಟಿ ಓದುವುದೂ ಕಷ್ಟವಾಗುತ್ತದೆ, ಮುಖ ಸಿಟ್ಟಾದ ಹಾಗೆ ಕಾಣುತ್ತದೆ. ಸಣ್ಣ ಮಕ್ಕಳು ಬೈಸಿಕೊಂಡೆವು ಅಂತ ತಲೆ ತಗ್ಗಿಸಿಬಿಡುತ್ತಾರೆ. ನಮ್ಮ ಗಂಟಲೂ ಹೋಯಿತು, ಮಗುವಿಗೂ ಏನೂ ಸಿಗಲಿಲ್ಲ.

ಬೆಳಿಗ್ಗೆ ಕ್ಲಾಸು ಶುರುವಾಗುವುದೇ ಕಿವಿ ತಪಾಸಣೆಯಿಂದ. ಡೇನಿಯಲ್ ಲಿಂಗ್ ಅನ್ನುವ ಶಿಕ್ಷಣತಜ್ಞರು ರೂಪಿಸಿದ ಆರು ಶಬ್ದಗಳಿವೆ: ಮ್, ಊ, ಆ, ಈ, ಶ್, ಸ್. ತಗ್ಗಿನಿಂದ ಎತ್ತರದವರೆಗೆ ಮಾತಿನ ಎಲ್ಲಾ ಸ್ವರಮಟ್ಟಗಳನ್ನು ಇವು ಮುಟ್ಟುತ್ತವೆ. ಮಗುವಿಗೆ ಬಾಯಿ ಕಾಣದ ಹಾಗೆ ಹೇಳಬೇಕು, ಕೇಳಿದರೆ ಅದು ಮಣಿ ಹಾಕುತ್ತದೆ ಅಥವಾ ತಿರುಗಿ ಹೇಳುತ್ತದೆ. ನಿನ್ನೆ ಆರಕ್ಕೆ ಆರೂ ಹಿಡಿದ ಹುಡುಗ ಇವತ್ತು ‘ಸ್’ ಬಿಟ್ಟ ಅಂದರೆ ಎಲ್ಲೋ ತೊಂದರೆ ಇದೆ ಅಂತ ಗೊತ್ತಾಗುತ್ತದೆ. ಕಿವಿಯೊಳಗೆ ಕೂರುವ ಮೋಲ್ಡಿನ ಟ್ಯೂಬಿನಲ್ಲಿ ನೀರು ನಿಂತಿರಬಹುದು, ಕಿವಿಯಲ್ಲಿ ಗುಗ್ಗೆ ಇರಬಹುದು, ಸೆಲ್ ಮುಗಿದಿರಬಹುದು. ಹೆಚ್ಚು ಶಕ್ತಿಯ ಏಡ್‌ಗಳಿಗೆ ಬೇಕಾದ 675 ನಂಬರಿನ ಗುಂಡಿ ಸೆಲ್ ಒಂದೆರಡು ವಾರಕ್ಕೆ ಮುಗಿಯುತ್ತದೆ. ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಏಡ್ ಸಿಕ್ಕಿರುತ್ತದೆ, ಆಮೇಲೆ ವರ್ಷಗಟ್ಟಲೆ ಸೆಲ್ಲಿನ ಖರ್ಚು ಕೂಲಿ ಮಾಡುವ ಅಪ್ಪನ ತಲೆ ಮೇಲೆ. ತಿಂಗಳ ಕೊನೆಯಲ್ಲಿ ಎಷ್ಟು ಮಕ್ಕಳ ಕಿವಿಯಲ್ಲಿ ಮಿಷನ್ ಸುಮ್ನೆ ಕೂತಿರುತ್ತದೆ ಅನ್ನುವುದು ಟೀಚರ್ ಗಂಟಲಿಗೆ ನೇರವಾಗಿ ಗೊತ್ತಾಗುತ್ತದೆ.

ಇದಕ್ಕೆಲ್ಲ ಉಪಾಯ ಇಲ್ಲವೇ ಅಂದರೆ ಇದೆ. ಒಳ್ಳೆಯ ಸುದ್ದಿ ಏನೆಂದರೆ ಟೀಚರ್ ಗಂಟಲನ್ನು ಉಳಿಸುವುದೂ ಮಗುವಿಗೆ ಕೇಳಿಸುವುದೂ ಒಂದೇ ಕೆಲಸ. ಅಮೆರಿಕದಲ್ಲಿ ತರಗತಿಗೆ ಅಂತ ಇರುವ ಮಾನದಂಡದ ಪ್ರಕಾರ ಖಾಲಿ ಕೋಣೆಯ ಸದ್ದು 35 ಡೆಸಿಬಲ್ ದಾಟಬಾರದು, ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು. ಬ್ರಿಟನ್ನಿನಲ್ಲಿ ಕಿವುಡ ಮಕ್ಕಳ ಕೋಣೆಗೆ ಇನ್ನೂ ಬಿಗಿ, 0.4 ಸೆಕೆಂಡು. ನಮ್ಮ ಗಾರೆ ಗೋಡೆ, ಸಿಮೆಂಟ್ ನೆಲ, ಶೀಟಿನ ಮಾಡಿನ ಕೋಣೆ ಇದರ ಹತ್ತಿರವೂ ಬರುವುದಿಲ್ಲ. ಆದರೂ ಸ್ವಲ್ಪ ಇಳಿಸಬಹುದು. ಕುರ್ಚಿ ಕಾಲಿಗೆ ರಬ್ಬರ್ ಬುಶ್ ಹಾಕಿಸಿದ ವಾರವೇ ನಮ್ಮ ಕ್ಲಾಸಿನಲ್ಲಿ ವ್ಯತ್ಯಾಸ ಗೊತ್ತಾಯಿತು. ಒಬ್ಬ ತಂದೆ ತಂದುಕೊಟ್ಟ ಬುಶ್‌ಗಳು ಅವು, ಹೇಳಿಕೊಳ್ಳುವಂಥ ಖರ್ಚೇನೂ ಅಲ್ಲ. ನೆಲಕ್ಕೆ ನಾರಿನ ಚಾಪೆ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಮೆತ್ತನೆ ಬೋರ್ಡು. ಸಾಲು ಬೆಂಚು ಬಿಟ್ಟು ಅರ್ಧ ವೃತ್ತದಲ್ಲಿ ಕೂರಿಸಿದರೆ ಟೀಚರ್‌ಗೂ ಎಲ್ಲಾ ಮಕ್ಕಳಿಗೂ ದೂರ ಕಡಿಮೆ, ಮಕ್ಕಳಿಗೆ ಒಬ್ಬರ ಕೈ, ಮುಖ ಇನ್ನೊಬ್ಬರಿಗೆ ಕಾಣುತ್ತದೆ. ಗಮನ ಸೆಳೆಯಲು ಲೈಟ್ ಸ್ವಿಚ್ ಒತ್ತಿ ಆರಿಸಿ ಹೊತ್ತಿಸಿದರೆ ಸಾಕು, ಹೆಸರು ಕೂಗುವುದು ಯಾಕೆ?

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬರುವುದು ರಿಮೋಟ್ ಮೈಕಿನಿಂದ. ಟೀಚರ್ ಸೆರಗಿಗೆ, ಬಾಯಿಂದ ಒಂದು ಗೇಣಿನೊಳಗೆ, ಪುಟ್ಟ ಮೈಕ್ ಸಿಕ್ಕಿಸುತ್ತಾರೆ. ಅದು ದನಿಯನ್ನು ಸೀದಾ ಮಗುವಿನ ಹಿಯರಿಂಗ್ ಏಡ್‌ಗೆ ಅಥವಾ ಆಪರೇಶನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟಿಗೆ ಕಳಿಸುತ್ತದೆ. ಕೋಣೆಯ ಆ ತುದಿಯಲ್ಲಿರುವ ಮಗುವಿಗೂ ನಾನು ಕಿವಿಯ ಪಕ್ಕ ಕೂತು ಹೇಳಿದ ಹಾಗೆ. ನಾನು ಮನೆಯಲ್ಲಿ ಮಾತಾಡುವ ದನಿ ಸಾಕು. ಇದು ದುಬಾರಿ, ಗೊತ್ತು. ಆದರೆ ನಮ್ಮ ಕಡೆಯ ಹಳೆ ಶಾಲೆಗಳಲ್ಲಿ ಹೆಡ್‌ಫೋನ್ ಇರುವ ಗ್ರೂಪ್ ಹಿಯರಿಂಗ್ ಏಡ್ ಅಂತ ಒಂದು ಡೆಸ್ಕು ಇರುತ್ತಿತ್ತು. ಯಾರೋ ದಾನ ಕೊಟ್ಟದ್ದು, ತಂತಿ ಕಿತ್ತು ಮೂಲೆ ಸೇರಿದ್ದು. ಕೊಡುವಾಗ ಫೋಟೋ ತೆಗೆಸಿಕೊಂಡವರು ರಿಪೇರಿಗೆ ಸಿಗುವುದಿಲ್ಲ. ದಾನಿಗಳಿಗೆ ನನ್ನ ಒಂದೇ ಮನವಿ: ಸಮವಸ್ತ್ರ, ಊಟ, ಸಿಹಿ ಎಲ್ಲವೂ ಒಳ್ಳೆಯದೇ, ಒಂದು ವರ್ಷ ಸೆಲ್ ಮತ್ತು ರಿಪೇರಿ ಖರ್ಚು ಕೊಟ್ಟು ನೋಡಿ.

ಈಗ ಸನ್ನೆ ಭಾಷೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಗಂಟಲಿನ ಬಗ್ಗೆ ಮಾತಾಡುವುದು ಅರ್ಧ ಮಾತಾಗುತ್ತದೆ. ಎಲ್ಲವನ್ನೂ ಬಾಯಲ್ಲೇ ಕಲಿಸಬೇಕು ಅನ್ನುವ ಹಟ ನಮ್ಮಲ್ಲಿ ಹುಟ್ಟಿದ್ದಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದ್ದವರು ಬಹುಪಾಲು ಕಿವಿ ಕೇಳುವವರು. ಸನ್ನೆಗಿಂತ ಮಾತೇ ಶ್ರೇಷ್ಠ, ಕಲಿಸುವುದು ಮಾತಿನಲ್ಲೇ ಇರಲಿ ಅಂತ ಅವರು ನಿರ್ಣಯ ಮಾಡಿದರು. ಇದಾದ ಮೇಲೆ ದೇಶ ದೇಶಗಳ ಶಾಲೆಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು, ಮಕ್ಕಳ ಕೈ ಕಟ್ಟಿಸಿದರು. ನಮ್ಮ ದೇಶದಲ್ಲಿ ಕಿವುಡ ಮಕ್ಕಳ ಮೊದಲ ಶಾಲೆ ಮುಂಬೈಯಲ್ಲಿ ಶುರುವಾದದ್ದೂ ಅದೇ 1880ರ ದಶಕದಲ್ಲಿ, ಹಾಗಾಗಿ ಆ ಗಾಳಿ ಇಲ್ಲಿಗೂ ಬೀಸಿತು. ಮಿಲಾನ್ ನಿರ್ಣಯಕ್ಕೆ ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. 130 ವರ್ಷ ಬೇಕಾಯಿತು.

ಆ ನಿರ್ಣಯದಿಂದ ಮಕ್ಕಳಿಗೆ ಆದ ನಷ್ಟದ ಬಗ್ಗೆ ಕಿವುಡ ಸಮುದಾಯದವರೇ ಹೇಳಿದ್ದಾರೆ, ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಟೀಚರ್ ಗಂಟಲಿಗೆ ಆದದ್ದನ್ನು ಮಾತ್ರ ಸೇರಿಸುತ್ತೇನೆ. ಪರಿಸರ ಅಧ್ಯಯನದಲ್ಲಿ ಬಾಷ್ಪೀಕರಣ ಪಾಠ ಇದೆ ಅಂತಿಟ್ಟುಕೊಳ್ಳಿ. ಬಾಯಲ್ಲೇ ಹೇಳಿದರೆ ಆ ಪದವನ್ನು ಮಗುವಿನ ತುಟಿಗೆ ತರುವುದರಲ್ಲೇ ಪೀರಿಯಡ್ ಮುಗಿಯುತ್ತದೆ, ನೀರು ಹೇಗೆ ಆವಿಯಾಯಿತು ಅನ್ನುವ ಮಾತೇ ಬರುವುದಿಲ್ಲ. ಸನ್ನೆಯಲ್ಲಿ ಹೇಳಿದರೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಒಣಗಲು ಹಾಕಿದ ಬಟ್ಟೆಯ ನೀರು ಎಲ್ಲಿ ಹೋಯಿತು, ಮಳೆಗಾಲದಲ್ಲಿ ಯಾಕೆ ಹೋಗುವುದಿಲ್ಲ ಅಂತ. ಮಾತು ಕಲಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಯಾವ ಮಗುವಿಗೆ ಅದರಿಂದ ಉಪಯೋಗವಿದೆಯೋ ಅದಕ್ಕೆ ಒಬ್ಬೊಬ್ಬರಾಗಿ ಕೂರಿಸಿ, ಸದ್ದಿಲ್ಲದ ಕೋಣೆಯಲ್ಲಿ ಕಲಿಸೋಣ. ವಿಜ್ಞಾನ, ಗಣಿತ, ಕಥೆಯನ್ನು ಅದರ ಬಾಲಕ್ಕೆ ಕಟ್ಟುವುದು ಬೇಡ.

ಕೈಯಲ್ಲಿ ಸನ್ನೆ, ಬಾಯಲ್ಲಿ ಕನ್ನಡ, ಎರಡನ್ನೂ ಒಟ್ಟಿಗೇ ಮಾಡುವವರು ನಮ್ಮಲ್ಲಿ ತುಂಬಾ. ಎರಡೂ ಕಡೆ ಗೆದ್ದ ಹಾಗೆ ಕಾಣುತ್ತದೆ, ಆದರೆ ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ. ಎರಡೂ ತುಂಡಾಗುತ್ತವೆ, ಗಂಟಲಿಗೆ ವಿಶ್ರಾಂತಿಯೂ ಇಲ್ಲ. ಬಾಯಿ ಮುಚ್ಚಿ ಬರೀ ಸನ್ನೆಯಲ್ಲಿ ಪಾಠ ಮಾಡಲು ಧೈರ್ಯ ಬೇಕು. ಆ ಧೈರ್ಯ ಬರುವುದು ಭಾಷೆ ಚೆನ್ನಾಗಿ ಬಂದರೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು ಈಗ ಮೊಬೈಲಿನಲ್ಲೇ ಸಿಗುತ್ತದೆ. 2021ರ ಹೊತ್ತಿಗೇ ಅದರಲ್ಲಿ 10,000 ಪದಗಳಿದ್ದವು. ಆದರೆ ನಿಘಂಟಿನಿಂದ ಭಾಷೆ ಬರುವುದಿಲ್ಲ, ಆಡುವವರ ಜೊತೆ ಇದ್ದರೆ ಬರುತ್ತದೆ. ಅಂದರೆ ಶಾಲೆಯಲ್ಲಿ ಕಿವುಡ ಟೀಚರ್‌ಗಳು ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದು ಇದೆ: ಸನ್ನೆ ಭಾಷೆ, ಬ್ರೈಲ್ ಬಲ್ಲ ಶಿಕ್ಷಕರನ್ನು, ಅಂಗವೈಕಲ್ಯ ಇರುವ ಶಿಕ್ಷಕರನ್ನೂ ಸೇರಿಸಿ, ತರಬೇತಿ ಕೊಟ್ಟು ನೇಮಿಸಬೇಕು ಅಂತ. ನಮ್ಮ ಜೊತೆ ಈಗ ಒಬ್ಬರು ಕಿವುಡ ಶಿಕ್ಷಕರಿದ್ದಾರೆ. ಅವರ ಕ್ಲಾಸಿನ ಮುಂದೆ ಹಾದು ಹೋಗುವಾಗ ನಾನು ನಿಂತು ನೋಡುತ್ತೇನೆ. ಭಿನ್ನರಾಶಿ ಪಾಠ. ಮಕ್ಕಳ ಕೈ ನಿಲ್ಲುವುದೇ ಇಲ್ಲ, ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿರುತ್ತಾರೆ. ಇಡೀ ಪೀರಿಯಡ್‌ನಲ್ಲಿ ಯಾರ ಗಂಟಲೂ ಸವೆಯುವುದಿಲ್ಲ.

ನನ್ನ ದನಿ ಬಹುಮಟ್ಟಿಗೆ ವಾಪಸ್ ಬಂತು, ಆಪರೇಶನ್ ಇಲ್ಲದೆ. ಇಂಥ ಗಂಟುಗಳಿಗೆ ಮೊದಲ ಮದ್ದು ವಾಯ್ಸ್ ಥೆರಪಿಯೇ. ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾ ಮುಳುಗಿಸಿ, ‘ಊ’ ಅಂತ ದನಿ ಮಾಡುತ್ತಾ ಗುಳ್ಳೆ ಬಿಡುವುದು ಅದರಲ್ಲಿ ಒಂದು. ನೋಡಲು ಮಕ್ಕಳಾಟದ ಹಾಗಿದೆ, ಆದರೆ ತಂತುಗಳು ಪೆಟ್ಟಿಲ್ಲದೆ ನಡುಗುವುದನ್ನು ಅದು ಕಲಿಸುತ್ತದೆ. ಪದೇ ಪದೇ ಗಂಟಲು ಕೆರೆಯುವ ಅಭ್ಯಾಸ ಬಿಡಿಸಿದರು, ಬದಲಿಗೆ ಒಂದು ಗುಟುಕು ನೀರು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ಆಯಿಷ್ ಅನ್ನುವುದು, 1965ರಿಂದ ನಮ್ಮ ರಾಜ್ಯದಲ್ಲೇ ಇದೆ. ಕಿವಿ ಮತ್ತು ಮಾತಿನ ತೊಂದರೆಗಳ ಜೊತೆ ದನಿಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ನಮ್ಮ ಮಕ್ಕಳನ್ನು ಪರೀಕ್ಷೆಗೆ ಅಂತ ಅಲ್ಲಿಗೆ ಕರೆದುಕೊಂಡು ಹೋಗುವ ಎಷ್ಟೋ ಟೀಚರ್‌ಗಳು ತಮ್ಮ ಗಂಟಲನ್ನು ತೋರಿಸದೆ ವಾಪಸ್ ಬರುತ್ತಾರೆ. ದನಿ ಒಡೆದು ಮೂರು ವಾರ ದಾಟಿದರೆ ಕಷಾಯ ಬಿಟ್ಟು ಇಎನ್‌ಟಿ ಹತ್ತಿರ ಹೋಗಿ, ದಯವಿಟ್ಟು.

ಹೋಗಲು ರಜೆ ಬೇಕಲ್ಲ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಲ್ಲಿ ತುಂಬಾ ಕಡೆ ಟೀಚರ್‌ಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ರಾಜ್ಯ ಸರ್ಕಾರದ ಶಿಶುಕೇಂದ್ರಿತ ಯೋಜನೆಯಲ್ಲಿ ಅನುದಾನ ಬರುವುದು ಮಕ್ಕಳ ಲೆಕ್ಕದಲ್ಲಿ. ಅದು ತಡವಾದರೆ ಗೌರವಧನವೂ ತಡ. ಕಾಯಿಲೆ ರಜೆ ಅಂದರೆ ಆ ದಿನದ ದುಡ್ಡು ಇಲ್ಲ. ವಸತಿ ಶಾಲೆಯಾದರೆ ಸಂಜೆ ಹಾಸ್ಟೆಲ್ಲೂ ನೋಡಿಕೊಳ್ಳಬೇಕು, ರಾತ್ರಿ ಪಾಲಕರ ಫೋನು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬ್ಲಾಕ್ ಮಟ್ಟದ ವಿಶೇಷ ಶಿಕ್ಷಕರಾದ ಬಿಐಇಆರ್‌ಟಿಗಳದ್ದು ಇನ್ನೊಂದು ಥರ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ, ಟಿವಿ, ಮಿಕ್ಸಿ, ದನದ ಕೊಟ್ಟಿಗೆಯ ಸದ್ದಿನ ನಡುವೆ ಜಗಲಿಯಲ್ಲಿ ಕೂತು ಪಾಠ ಮಾಡಿ, ಮುಂದಿನ ಊರಿನ ಬಸ್ಸು ಹಿಡಿಯುತ್ತಾರೆ.

ಕಾನೂನು ಏನನ್ನುತ್ತಾ ಬಂದಿದೆ? 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕೆಲಸದ ಸದ್ದಿನಿಂದ ಬರುವ ಕಿವುಡುತನ ವೃತ್ತಿ ಕಾಯಿಲೆ ಅಂತ ಇತ್ತು. ಕೆಲಸದಿಂದ ದನಿ ಹೋಗುವುದು ಅದರಲ್ಲಿ ಇರಲಿಲ್ಲ. ಪೋಲೆಂಡಿನಲ್ಲಿ ಇದೆ. ಕನಿಷ್ಠ 15 ವರ್ಷ ದನಿಗೆ ಭಾರವಾದ ಕೆಲಸ ಮಾಡಿದವರಿಗೆ ಬರುವ ಧ್ವನಿತಂತುವಿನ ಗಂಟು ಅಲ್ಲಿ ವೃತ್ತಿ ಕಾಯಿಲೆ. ಶಿಕ್ಷಕರಿಗೆ ಆರೋಗ್ಯ ಸುಧಾರಿಸಿಕೊಳ್ಳಲು ಸಂಬಳ ಸಹಿತ ದೀರ್ಘ ರಜೆಯ ಅವಕಾಶವೂ ಇದೆ. ಅಷ್ಟು ದೂರ ನಾವು ಯಾವಾಗ ಮುಟ್ಟುತ್ತೇವೋ ಗೊತ್ತಿಲ್ಲ, ಆದರೆ ಕೇಳಲು ಶುರು ಮಾಡಬೇಕು.

ಗೌರವಧನ ಹೆಚ್ಚಿಸಿ ಅಂತ ಪ್ರತಿ ಸಲ ಮನವಿ ಬರೆಯುವಾಗ ನಮ್ಮವರು ಅದರಲ್ಲಿ ಹಾಜರಾತಿ, ಬಡ್ತಿ, ಪಿಎಫ್ ಎಲ್ಲವನ್ನೂ ಬರೆಯುತ್ತಾರೆ. ಈ ಸಲದ ಕರಡಿಗೆ ನಾನು ಕೆಲವು ಸಾಲು ಸೇರಿಸಿ ಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ ಜಿಲ್ಲಾಸ್ಪತ್ರೆಯಲ್ಲಿ ಪ್ರತಿ ವಿಶೇಷ ಶಿಕ್ಷಕರ ಗಂಟಲು ತಪಾಸಣೆ ಆಗಲಿ. ಏಪ್ರಿಲ್ 16 ವಿಶ್ವ ಧ್ವನಿ ದಿನ, ಶಾಲೆಗೆ ಬೇಸಿಗೆ ರಜೆಯೂ ಇರುತ್ತದೆ, ಆ ವಾರವೇ ಇಟ್ಟುಕೊಳ್ಳಲಿ. ದನಿಯ ತೊಂದರೆಗೆ ಡಾಕ್ಟರು ಬರೆದ ವಿಶ್ರಾಂತಿ ದಿನಗಳಿಗೆ ದುಡ್ಡು ಕತ್ತರಿಸಬಾರದು. ಹಿಯರಿಂಗ್ ಏಡ್ ಸೆಲ್ಲಿನ ಖರ್ಚು ಅನುದಾನದಲ್ಲೇ ಬೇರೆ ಬಾಬ್ತಾಗಿ ಬರಲಿ. ಪ್ರತಿ ಶಾಲೆಯಲ್ಲೂ ಕನಿಷ್ಠ ಒಬ್ಬ ಕಿವುಡ ಶಿಕ್ಷಕರ ಹುದ್ದೆ ಇರಲಿ. ಕರಡನ್ನು ಓದಿದ ಹಿರಿಯರೊಬ್ಬರು ಸಂಬಳದ ಮನವಿಯಲ್ಲಿ ಸೆಲ್ಲಿನ ವಿಷಯ ಯಾಕೆ ಅಂತ ಕೇಳಿದರು. ಅವರಿಗೆ ಇಷ್ಟೆಲ್ಲ ವಿವರಿಸಿ ಹೇಳಿದೆ. ಅರ್ಧ ಗಂಟೆ ಹಿಡಿಯಿತು, ಕೊನೆಗೆ ಆ ಸಾಲನ್ನು ಅವರು ಹಾಗೇ ಬಿಟ್ಟಿದ್ದಾರೆ.